ಕಲ್ಯಾಣಕಾರಕವೂ ಯಕೃತ್ತಿನ ಆರೋಗ್ಯವೂ

ಕ್ರಿ.ಶ. 9ನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿರುವುದು ಇದರ ವೈಶಿಷ್ಟ್ಯ. ಔಷಧದಲ್ಲಿ ಮಾಂಸವು ನಿರರ್ಥಕವೆಂದು ಅವರು ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಪ್ರತಿಪಾದಿಸಿದರೆಂದು ಗ್ರಂಥಾಂತ್ಯದ ಹಿತಾಹಿತಾಧ್ಯಾಯವು ತಿಳಿಸುತ್ತದೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಲ್ಲಿ ಪ್ರಕಟವಾಯಿತು.

ಆಚಾರ್ಯರ ನಿಷೇಧಕ್ಕೆ ಅಹಿಂಸೆಯೇ ಮೂಲ. ಆದರೂ ಮದ್ಯದ ವಿಷಯದಲ್ಲಿ ಇಂದಿನ ವಿಜ್ಞಾನವು ಅದೇ ನಿರ್ಣಯಕ್ಕೆ ಬಂದಿದೆ. ಯಕೃತ್ತು ಮದ್ಯವನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವನ್ನಾಗಿ ಮಾರ್ಪಡಿಸುತ್ತದೆ. ಇದು ಬಹುಕಾಲ ಮುಂದುವರಿದರೆ ಯಕೃತ್ತು ಗಡುಸಾಗಿ ಸಿರೋಸಿಸ್ ತಲೆದೋರಬಹುದು. ಮದ್ಯದ ಯಾವ ಪ್ರಮಾಣವೂ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿತು.

ಇಷ್ಟರಿಂದಲೇ ನಾವು ಬೀಗುವಂತಿಲ್ಲ. ಮದ್ಯಪಾನಿಗಳಲ್ಲದವರಲ್ಲಿಯೂ ಕೊಬ್ಬು ತುಂಬಿ ಯಕೃತ್ತು ಉರಿಯೂತಕ್ಕೀಡಾಗುವುದನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ ವಿವರಿಸಿದರು. ಬೊಜ್ಜು, ಸಕ್ಕರೆ ಕಾಯಿಲೆ, ವ್ಯಾಯಾಮರಹಿತ ಜೀವನ ಇದರೊಡನೆ ಹೆಣೆದುಕೊಂಡಿವೆ. ನಮ್ಮ ರಾಮನಗರದಂತಹ ಊರುಗಳಲ್ಲಿ ದಿನವಿಡೀ ಗಲ್ಲೆಯ ಮುಂದೆ ಕುಳಿತು, ಕರಿದ ತಿಂಡಿ ಸಿಹಿಗಳನ್ನು ಶಾಕಾಹಾರವೆಂದು ಸೇವಿಸುವ ವರ್ತಕರು ಇದನ್ನು ಗಮನಿಸಬೇಕು.

ಬಾಹ್ಯತಪಗಳಲ್ಲಿ ಎರಡನೆಯದು ಅವಮೌದರ್ಯ. ಪುರುಷನ ಪೂರ್ಣಾಹಾರ 32 ತುತ್ತು. ಅದಕ್ಕಿಂತ ಕಡಿಮೆ ಉಣ್ಣುವುದೇ ಈ ತಪ. ಏನನ್ನು ಬಿಡಬೇಕೆಂಬುದನ್ನು ನಾವು ಪಾಲಿಸಿದ್ದೇವೆ. ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನೂ ಪಾಲಿಸಿದಾಗಲೇ ವ್ರತವು ಪೂರ್ಣವಾಗುತ್ತದೆ.