ಇಳಿಗೆರೆಯ ಗಣಿತ: ಡಿಮೆನ್ಷಿಯಾದ ಗತಿಯನ್ನು ಅಳೆದ ಸಂಖ್ಯಾಶಾಸ್ತ್ರದ ಚರಿತ್ರೆ

ಅರವತ್ತಕ್ಕೆ ಅರಳುಮರುಳು ಎಂಬ ಗಾದೆ ಮುಪ್ಪಿನ ಮರೆವನ್ನೆಲ್ಲ ವಯಸ್ಸಿನ ಖಾತೆಗೆ ಬರೆದುಬಿಡುತ್ತದೆ. ಅದರಲ್ಲಿ ವಯೋಸಹಜವಾದದ್ದೆಷ್ಟು, ರೋಗದ್ದೆಷ್ಟು ಎಂದು ಬೇರ್ಪಡಿಸಲು ಒಂದು ದಿನದ ಪರೀಕ್ಷೆ ಸಾಲದು; ಒಬ್ಬರನ್ನೇ ವರ್ಷಗಟ್ಟಲೆ ಗಮನಿಸಬೇಕು. ಆ ಗಮನಿಕೆಗೆ ಗಣಿತ ಒದಗಿದ ಬಗೆಯನ್ನೂ ಕರ್ನಾಟಕದ ಹಳ್ಳಿಗಳಿಗೆ ಅದರಿಂದಾಗುವ ಪ್ರಯೋಜನವನ್ನೂ ಈ ಲೇಖನ ಪರಿಶೀಲಿಸುತ್ತದೆ.

1. ಅಳತೆಗೋಲು

ಅಲೋಯಿಸ್ ಅಲ್ಝೈಮರ್ ಮರೆವಿನ ರೋಗದ ತಮ್ಮ ಪ್ರಸಿದ್ಧ ಪ್ರಕರಣವನ್ನು ಮಂಡಿಸಿದ್ದು 1906ರಲ್ಲಿ. ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಮಾನಸಿಕ ಸ್ಥಿತಿಯನ್ನು ಅಳೆಯಲು ರೂಪಿಸಿದ 30 ಅಂಕಗಳ ಪರೀಕ್ಷೆ ಬಂದದ್ದು 1975ರಲ್ಲಿ. ರೋಗದ ತೀವ್ರತೆಯನ್ನು 0, 0.5, 1, 2, 3 ಎಂದು ವರ್ಗೀಕರಿಸುವ ಸಿಡಿಆರ್ ಮಾಪಕ 1982ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಿಂದ ಬಂತು. ಅಂಕಗಳೇನೋ ದೊರೆತವು, ಅವು ವರ್ಷದಿಂದ ವರ್ಷಕ್ಕೆ ಬದಲಾಗುವ ಕ್ರಮವನ್ನು ವಿವರಿಸುವ ವಿಧಾನವೂ ಬೇಕಿತ್ತು.

2. ಬೆಳವಣಿಗೆಯಿಂದ ಇಳಿಕೆಗೆ

ಆ ವಿಧಾನದ ಬೇರುಗಳಲ್ಲೊಂದು ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಕೆಲಸದಲ್ಲಿದೆ. ಬೆಳವಣಿಗೆಯ ರೇಖೆಗಳನ್ನು ಕುರಿತ 1965ರ ‘ಬಯೋಮೆಟ್ರಿಕಾ’ ಲೇಖನದಲ್ಲಿ ಅವರು ರೇಖೆಯ ಗುಣಾಂಕಗಳು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತವೆಂದು ಇಟ್ಟುಕೊಂಡು ಲೆಕ್ಕ ಹಾಕುವ ದಾರಿ ತೋರಿದರು. 1982ರಲ್ಲಿ ನ್ಯಾನ್ ಲೇರ್ಡ್ ಮತ್ತು ಜೇಮ್ಸ್ ವೇರ್ ಇಂಥ ಮಾದರಿಗಳಿಗೆ ವ್ಯಾಪಕ ರೂಪ ಕೊಟ್ಟರು. ಪ್ರತಿಯೊಬ್ಬರಿಗೂ ತಮ್ಮದೇ ಆರಂಭ, ತಮ್ಮದೇ ಇಳಿಜಾರು; ಅಂಕಗಳ ಇಳಿಕೆಗೆ ಅನ್ವಯಿಸಿದಾಗ ಆ ರೇಖೆಯೇ ಇಳಿಗೆರೆ. ಭೇಟಿಗಳ ನಡುವಿನ ಅಂತರ ಸಮವಾಗಿರಬೇಕಿಲ್ಲ.

ಇನ್ನೊಂದು ಕವಲು ಮಾರ್ಕೋವ್ ಮಾದರಿಗಳದು. ಆರೋಗ್ಯ, ಅಲ್ಪ ಮರೆವು, ಡಿಮೆನ್ಷಿಯಾ, ಸಾವು ಎಂಬ ಸ್ಥಿತಿಗಳ ನಡುವಿನ ದಾಟುವಿಕೆಯ ಸಂಭವನೀಯತೆಯನ್ನು ಅವು ಅಂದಾಜಿಸುತ್ತವೆ. ಕಾಯಿಲೆ ಉಲ್ಬಣಿಸಿದವರೇ ಅಧ್ಯಯನದಿಂದ ಹೆಚ್ಚಾಗಿ ದೂರವಾಗುತ್ತಾರೆ; ಉಳಿದವರನ್ನಷ್ಟೇ ಎಣಿಸಿದರೆ ರೋಗ ಇರುವುದಕ್ಕಿಂತ ನಿಧಾನವೆಂದು ತೋರುತ್ತದೆ. ಅಂಕಗಳ ಇಳಿಕೆಯನ್ನೂ ಅಗಲಿಕೆಯನ್ನೂ ಒಟ್ಟಿಗೆ ಲೆಕ್ಕಿಸುವ ಜಂಟಿ ಮಾದರಿಗಳು, ಎಚ್‌ಐವಿ ಸಂಶೋಧನೆಯಲ್ಲಿ 1990ರ ದಶಕದಲ್ಲಿ ಬೆಳೆದು, ಈ ತೊಡಕನ್ನು ತಗ್ಗಿಸಲು ನೆರವಾದವು.

3. ಶ್ರೀನಿವಾಸಪುರದ ಪ್ರಯೋಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ‘ಸ್ಯಾನ್ಸ್‌ಕಾಗ್’ ಅಧ್ಯಯನ ಆರಂಭಿಸಿತು. 45 ದಾಟಿದ 10,000 ಜನರನ್ನು ದೀರ್ಘಕಾಲ ಹಿಂಬಾಲಿಸುವುದು ಅದರ ಗುರಿ.

ಹೀಗೆ ಹಿಂಬಾಲಿಸುವುದರ ಮಹತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. 30 ಅಂಕಗಳ ಪರೀಕ್ಷೆಯಲ್ಲಿ 24ಕ್ಕಿಂತ ಕಡಿಮೆ ಬಂದರೆ ಶಂಕೆಪಡುವುದು ರೂಢಿ. ಓದು ಬಾರದ ರೈತ ಮಹಿಳೆಯೊಬ್ಬರು ಐದು ವರ್ಷವೂ 22ರಲ್ಲೇ ನಿಲ್ಲುತ್ತಾರೆ; ನಿವೃತ್ತ ಮೇಷ್ಟ್ರೊಬ್ಬರು 29ರಿಂದ 25ಕ್ಕೆ ಇಳಿಯುತ್ತಾರೆ. ಒಂದೇ ಸಲದ ಪರೀಕ್ಷೆ ಆಕೆಯನ್ನು ರೋಗಿಯೆಂದು ಶಂಕಿಸಿ ಮೇಷ್ಟ್ರನ್ನು ಬಿಟ್ಟುಬಿಡುತ್ತದೆ. ಇಳಿಗೆರೆಯ ಮಾದರಿ ಪ್ರತಿಯೊಬ್ಬರನ್ನೂ ಅವರ ನಿನ್ನೆಯ ಸ್ಥಿತಿಯೊಂದಿಗೇ ಹೋಲಿಸುವುದರಿಂದ ಶಾಲೆಯ ಮೆಟ್ಟಿಲು ಹತ್ತದವರಿಗೆ ನ್ಯಾಯ ಸಿಗುವ ಸಾಧ್ಯತೆ ಹೆಚ್ಚು. ಪರೀಕ್ಷೆಯ ಪ್ರಶ್ನೆಗಳೂ ಬದಲಾಗಬೇಕು: ಹರಿಯಾಣದ ಬಲ್ಲಭಗಢದಲ್ಲಿ ಅನಕ್ಷರಸ್ಥ ಹಿರಿಯರಿಗೆಂದೇ ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆ ಇದಕ್ಕೆ ಮುಖ್ಯ ಮಾದರಿಯಾಯಿತು.

4. ಉಪಸಂಹಾರ

ದೇಶದ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಶೇಕಡಾವಾರು ಲೆಕ್ಕದಿಂದ ರೋಗದ ಹರವು ತಿಳಿಯುತ್ತದೆ, ವೇಗ ತಿಳಿಯುವುದಿಲ್ಲ. ತೆಲುಗು ಗಡಿಯ ಬಯಲುಸೀಮೆಯಾದ ಶ್ರೀನಿವಾಸಪುರದ ಸರಾಸರಿ ಗೆರೆ ಭದ್ರಾ ಅಣೆಕಟ್ಟಿನ ಮಗ್ಗುಲಿನ ಲಕ್ಕವಳ್ಳಿಗೂ ಹೊಂದುತ್ತದೆಂದು ಪರೀಕ್ಷಿಸದೆ ಒಪ್ಪುವಂತಿಲ್ಲ. ಭಾಷೆ, ದುಡಿಮೆ, ಊಟ ಎಲ್ಲವೂ ಬೇರೆ. ಮಲೆನಾಡಿನ ಸೆರಗಿನ ಇಂಥ ಊರುಗಳಲ್ಲೂ ಹಿರಿಯರನ್ನು ವರ್ಷ ವರ್ಷ ಕಂಡು ದಾಖಲಿಸುವ ಕೆಲಸ ಮೊದಲಾಗಬೇಕು. ಆಗ ಮಾತ್ರ ಅಲ್ಲಿನ ಕುಟುಂಬವೊಂದು ಮುಂದೆ ಎಷ್ಟು ಬೇಗ, ಎಷ್ಟು ಆರೈಕೆ ಬೇಕಾದೀತೆಂದು ಕೇಳಿದಾಗ ವೈದ್ಯರು ಆ ನೆಲದ ಲೆಕ್ಕದಿಂದಲೇ ಉತ್ತರಿಸಬಲ್ಲರು.