ಉಪದೇಶಿಗಳು ಹಾಕಿಕೊಟ್ಟ ದಾರಿ: ಮಂಡ್ಯ ಸೀಮೆಯ ಕ್ರೈಸ್ತರ ಆಧ್ಯಾತ್ಮಿಕ ಕಲಿಕೆ

ಚರ್ಚಿನ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಅಡಿಗಲ್ಲಿನಿಂದ ಶುರು ಮಾಡುತ್ತಾರೆ. ಗೋಪುರ ಯಾವಾಗ ಎದ್ದಿತು, ಗಂಟೆ ಎಲ್ಲಿಂದ ಬಂತು, ಯಾವ ಗುರುಗಳು ಎಷ್ಟು ವರ್ಷ ಸೇವೆ ಸಲ್ಲಿಸಿದರು ಎಂಬುದರಲ್ಲೇ ಸಂಚಿಕೆಯ ಪುಟಗಳು ತುಂಬಿಹೋಗುತ್ತವೆ. ಅದೇ ಊರಿನಲ್ಲಿ ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸಿದವರು ಯಾರು, ಗುರುಗಳು ಬಾರದ ಭಾನುವಾರಗಳಲ್ಲಿ ಜನರನ್ನು ಕೂಡಿಸಿ ಜಪಸರ ಹೇಳಿಸಿದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕ್ರೈಸ್ತರ ಕಥೆಯನ್ನು ಈ ಕಡೆಯಿಂದ ನೋಡುವುದೇ ನ್ಯಾಯ. ಏಕೆಂದರೆ ಇಲ್ಲಿ ಆಧ್ಯಾತ್ಮಿಕ ಶಿಕ್ಷಣವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರಲ್ಲಿ ಗುರುಪಟ್ಟ ಪಡೆಯದ ಗೃಹಸ್ಥರೇ ಬಹಳ ಮಂದಿ.

ಈ ಜಿಲ್ಲೆಯಲ್ಲಿ ಆ ಕಥೆಯ ಮೊದಲ ಊರು ಶ್ರೀರಂಗಪಟ್ಟಣ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲ, 1640ರ ದಶಕದ ಕೊನೆ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಅಲ್ಲಿಗೆ ಬಂದರು. ಅವರು ಮೊದಲು ಕನ್ನಡ ಕಲಿತರು. ವ್ಯಾಕರಣ, ಶಬ್ದಕೋಶ, ಜ್ಞಾನೋಪದೇಶದ ಪುಸ್ತಕಗಳನ್ನು ಸಿದ್ಧಪಡಿಸಿದರು. ಸಂನ್ಯಾಸಿಯ ವೇಷ ತೊಟ್ಟು ಇಲ್ಲಿನ ಜನರ ಊಟ, ನಡೆನುಡಿಗಳನ್ನು ತಮ್ಮದಾಗಿಸಿಕೊಂಡರು. ಬೆರಳೆಣಿಕೆಯ ಗುರುಗಳಿಗೆ ಇಷ್ಟು ದೊಡ್ಡ ಸೀಮೆಯನ್ನು ನೋಡಿಕೊಳ್ಳಲು ಆಗುವಂತಿರಲಿಲ್ಲ. ಹಾಗಾಗಿ ಊರೂರಿನ ಭಾರ ಬಿದ್ದದ್ದು ಜನರಿಗೆ ಪ್ರಾರ್ಥನೆ, ಜ್ಞಾನೋಪದೇಶ ಕಲಿಸುವ ಗೃಹಸ್ಥರಾದ ಉಪದೇಶಿಗಳ ಹೆಗಲಿಗೆ.

ಚಿನ್ನಾಮಿಯವರ ಸಭೆಯ ಮೂಲಪುರುಷ ಇಗ್ನೇಷಿಯಸ್ ಲೊಯೋಲಾ ಅವರನ್ನು ಇಲ್ಲಿ ನೆನೆಯಬೇಕು. ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಅವರ ಪುಸ್ತಕದ ತಿರುಳು ಮೂಡಿದ್ದು 1522-23ರಲ್ಲಿ, ಸ್ಪೇನಿನ ಮನ್ರೇಸಾದಲ್ಲಿ. ಆಗ ಅವರು ಗುರುವಾಗಿರಲಿಲ್ಲ. ಗುರುಪಟ್ಟ ದೊರೆತದ್ದು 1537ರಲ್ಲಿ. ಜಗತ್ತಿನ ಗುರುಮಠಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಸಾಧನಾ ಕ್ರಮವೊಂದು ಗೃಹಸ್ಥನೊಬ್ಬನ ಅನುಭವದಿಂದ ಹುಟ್ಟಿತು ಎಂಬುದು ಸಣ್ಣ ಸಂಗತಿಯಲ್ಲ. ಪೂರ್ಣ ಸಾಧನೆಗೆ ಸುಮಾರು ಮೂವತ್ತು ದಿನಗಳ ಏಕಾಂತ ಬೇಕು. ಸಂಸಾರ, ಉದ್ಯೋಗ ಬಿಟ್ಟು ಹೋಗಲಾಗದವರಿಗೂ ಪುಸ್ತಕದ ಹತ್ತೊಂಬತ್ತನೆಯ ಟಿಪ್ಪಣಿಯಲ್ಲಿ ದಾರಿಯಿದೆ: ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು, ಮಾರ್ಗದರ್ಶಕರ ಜೊತೆ ಮಾತಾಡುತ್ತಾ, ತಿಂಗಳುಗಟ್ಟಲೆ ನಿಧಾನವಾಗಿ ಸಾಗುವುದು. ಕಬ್ಬು ಕಡಿತದ ದಿನಗಳಲ್ಲಿ ಗದ್ದೆ ಬಿಟ್ಟು ಕದಲಲಾಗದ ಮಂಡ್ಯದ ರೈತನಿಗೂ, ಮದ್ದೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ನೌಕರನಿಗೂ ಇದು ಹೇಳಿ ಮಾಡಿಸಿದ ಕ್ರಮ.

1773ರಲ್ಲಿ ಪೋಪ್ ಯೇಸುಸಭೆಯನ್ನೇ ವಿಸರ್ಜಿಸಿದರು. ಅದರ ಹಿಂದೆಯೇ ಯುದ್ಧಗಳ ಕಾಲ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ಮಿಶನ್ನಿನ ಅಬ್ಬೆ ದ್ಯುಬ್ವಾ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿಗೆ ಹೊಸದಾಗಿ ಬಂದಿದ್ದ ಲಸಿಕೆಯನ್ನು 1803-04ರಲ್ಲಿ 25,432 ಮಂದಿಗೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿ, ಮುಂದೆ ತಮ್ಮ ಮಿಶನ್ನಿನ ಗುರುಮಠದ ಮುಖ್ಯಸ್ಥರಾದರು. ಶ್ರೀರಂಗಪಟ್ಟಣದಲ್ಲಿ ಅವರ ಹೆಸರು ಹೊತ್ತ ಚರ್ಚು ಇಂದಿಗೂ ಇದೆ. 1773ರಿಂದ 1799ರ ನಡುವಿನ ಆ ಕಷ್ಟದ ವರ್ಷಗಳಲ್ಲಿ ಪ್ರಾರ್ಥನೆಗಳು ಉಳಿದದ್ದು ಮನೆಗಳಲ್ಲಿ, ಅಜ್ಜಿ ತಾತಂದಿರ ಬಾಯಲ್ಲಿ. ಹಾಗಲ್ಲದೆ ದ್ಯುಬ್ವಾ ಅವರಿಗೆ ಒಟ್ಟುಗೂಡಿಸಲು ಸಮುದಾಯವೇ ಇರುತ್ತಿರಲಿಲ್ಲ.

ಪ್ರಾಟೆಸ್ಟೆಂಟರ ಕಡೆಯಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಮೈಸೂರು ಸಂಸ್ಥಾನದ ಕನ್ನಡ ಊರುಗಳಿಗೆ ಬಂದವರು ವೆಸ್ಲಿಯನ್ ಮೆಥೊಡಿಸ್ಟ್ ಮಿಶನ್ನಿನವರು. ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ನಿಂತರು. ಅವರ ಹಿಂದಿದ್ದದ್ದು ಜಾನ್ ವೆಸ್ಲಿಯವರ ‘ಕ್ಲಾಸ್ ಮೀಟಿಂಗ್’ ಪದ್ಧತಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಸಭಾಮಂದಿರದ ಸಾಲ ತೀರಿಸಲು ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡುವ ಏರ್ಪಾಟಾಗಿ ಅದು ಶುರುವಾಯಿತು. ಹನ್ನೆರಡು ಮಂದಿಗೆ ಒಬ್ಬ ನಾಯಕ. ಹಣಕ್ಕೆಂದು ಮನೆಮನೆಗೆ ಹೋದ ನಾಯಕರು ಜನರ ಸುಖದುಃಖ, ಪ್ರಾರ್ಥನೆ, ಜಗಳ, ಕುಡಿತ ಎಲ್ಲವನ್ನೂ ಕಂಡುಬಂದರು. ಸಾಲದ ಮಾತು ಹಿಂದೆ ಸರಿದು, ಒಬ್ಬರ ಆತ್ಮದ ಯೋಗಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ವಾರದ ಕೂಟವಾಗಿ ಅದು ಬೆಳೆಯಿತು. ಕೂಟದ ನಾಯಕರು ಪಾದ್ರಿಗಳಾಗಿರಬೇಕೆಂಬ ನಿಯಮವೇನೂ ಇರಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯವಾದಾಗ ಮೆಥೊಡಿಸ್ಟರು ಈ ಪರಂಪರೆಯನ್ನೂ ಹೊತ್ತುಕೊಂಡೇ ಅದರೊಳಗೆ ಬಂದರು.

ಸಭಾಪಾಲಕರ ತರಬೇತಿಗೆ ಕನ್ನಡನಾಡಿನಲ್ಲಿ ಮಂಗಳೂರೇ ಹಳೆಯ ಆಸರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ ಅಲ್ಲಿ ಕಟ್ಟಿದ ದೇವಶಾಸ್ತ್ರ ಶಾಲೆಯ ಪರಂಪರೆಯನ್ನು 1965ರಿಂದ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಮುಂದುವರಿಸಿದೆ. ಆ ಹಳೆಯ ಶಾಲೆಯಲ್ಲಿ ಓದಿದ ಉತ್ತಂಗಿ ಚನ್ನಪ್ಪನವರ ಉದಾಹರಣೆಯೊಂದೇ ಸಾಕು. ಸಭಾಪಾಲಕರಾಗಿದ್ದುಕೊಂಡೇ ಅವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರಗಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅವರಿಗೆ ಬೈಬಲ್ಲಿನ ಧ್ಯಾನವೂ ವಚನದ ಧ್ಯಾನವೂ ಒಂದನ್ನೊಂದು ಬೆಳಗಿಸುವ ಓದುಗಳಾಗಿದ್ದವು. ಇಂದಿನ ತರಬೇತಿಯಲ್ಲಿ ಈ ಅಗಲ ಇನ್ನಷ್ಟು ಬೇಕು.

ಕಥೋಲಿಕರಲ್ಲಿ ದೊಡ್ಡ ತಿರುವು ತಂದದ್ದು 1962-65ರ ಎರಡನೆಯ ವ್ಯಾಟಿಕನ್ ಮಹಾಸಭೆ. ಪವಿತ್ರತೆಯ ಕರೆ ಎಲ್ಲ ವಿಶ್ವಾಸಿಗಳಿಗೂ ಇದೆಯೆಂದು ಅದು ಸಾರಿತು. ದೇವಶಾಸ್ತ್ರವನ್ನು ಉನ್ನತ ಮಟ್ಟದಲ್ಲಿ ಓದುವುದು ಗೃಹಸ್ಥರ ಹಕ್ಕೆಂದು 1983ರ ಧರ್ಮಸಭಾ ಕಾನೂನಿನ 229ನೆಯ ವಿಧಿ ಹೇಳುತ್ತದೆ. ಈ ಮಾತನ್ನು ನಮ್ಮ ಸೀಮೆಗೆ ಹತ್ತಿರ ತಂದವರು ಫಾದರ್ ಡಿ.ಎಸ್. ಅಮಲೋರ್ಪವದಾಸ್. 1967ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಜ್ಞಾನೋಪದೇಶ ಮತ್ತು ಪೂಜಾವಿಧಿ ಕೇಂದ್ರವನ್ನು ಕಟ್ಟಿದ ಅವರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಮುಖ್ಯಸ್ಥರಾದರು. ಗುರುಮಠದ ಗೋಡೆಯಾಚೆ, ಸರ್ಕಾರಿ ವಿಶ್ವವಿದ್ಯಾನಿಲಯದ ಅಂಗಳದಲ್ಲಿ, ಯಾವ ಧರ್ಮದವರು ಬೇಕಾದರೂ ಕ್ರೈಸ್ತಧರ್ಮವನ್ನು ಓದಬಹುದಾಯಿತು. ಅದೂ ಮಂಡ್ಯದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ! ಮೈಸೂರಿನಲ್ಲಿ ಅವರು ಅಂಜಲಿ ಆಶ್ರಮವನ್ನೂ ಕಟ್ಟಿದರು. ನೆಲದ ಮೇಲೆ ಕೂತು ಮೌನ, ಶಾಸ್ತ್ರಪಠಣ, ಧ್ಯಾನ, ಸರಳ ಊಟ. ಗುರುಗಳು, ಸಿಸ್ಟರುಗಳು, ಸಂಸಾರಸ್ಥರು ಒಂದೇ ಸಾಲಿನಲ್ಲಿ. ಭಾರತೀಯ ರೂಪದ ಆರಾಧನೆಗೆ ಧರ್ಮಸಭೆಯೊಳಗೇ ವಿರೋಧವಿದ್ದರೂ ಅವರು ಹಿಂದೆಗೆಯಲಿಲ್ಲ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಮನೆ ಬಿಟ್ಟು ಹೋಗಲಾಗದವರಿಗೆ ನೆರವಾದ ಇನ್ನೊಂದು ಪ್ರಯೋಗ ದೂರದ ಗ್ವಾಟೆಮಾಲದಲ್ಲಿ 1963ರಲ್ಲಿ ಆರಂಭವಾಯಿತು. ಹಳ್ಳಿಗಳ ಸಭಾನಾಯಕರು ಊರು ಬಿಟ್ಟು ಸೆಮಿನರಿಗೆ ಬರಲಾರರೆಂದು ಸೆಮಿನರಿಯೇ ಅವರ ಊರಿಗೆ ಹೊರಟಿತು. ಅದೇ ಮಾದರಿಯ ಟಾಫ್ಟೀ ಸಂಸ್ಥೆ 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಈ ಪದ್ಧತಿಯ ಪಾಠಪುಸ್ತಕದಲ್ಲಿ ಒಂದು ಚಿಕ್ಕ ಪ್ಯಾರಾ, ಕೆಳಗೊಂದು ಪ್ರಶ್ನೆ, ಉತ್ತರ ಬರೆಯಲು ಖಾಲಿ ಜಾಗ. ವಾರವಿಡೀ ಮನೆಯಲ್ಲಿ ಓದಿ ಬರೆದುಕೊಂಡವರು ವಾರಕ್ಕೊಮ್ಮೆ ಬೋಧಕರೊಡನೆ ಕೂಡಿ ಚರ್ಚಿಸುತ್ತಾರೆ. ಓದಿದ್ದು ಆ ವಾರದ ಬದುಕಿನಲ್ಲಿ ಎಲ್ಲಿ ತಾಗಿತು ಎಂಬುದೇ ಚರ್ಚೆಯ ಜೀವಾಳ.

2010ರ ಜನವರಿ 18ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಮಾನಂದವಾಡಿಯಿಂದ ಬೇರ್ಪಡಿಸಿ ಮಂಡ್ಯವನ್ನು ಸಿರೋ ಮಲಬಾರ್ ಧರ್ಮಪ್ರಾಂತ್ಯವಾಗಿಸಿದರು. ಮಾರ್ ಜಾರ್ಜ್ ಞರಳಕಾಟ್ ಮೊದಲ ಧರ್ಮಾಧ್ಯಕ್ಷರು. ಲ್ಯಾಟಿನ್ ವಿಧಿಯವರಿಗೆ ಮೈಸೂರು ಧರ್ಮಪ್ರಾಂತ್ಯವಿದೆ. ದಕ್ಷಿಣ ಭಾರತ ಸಭೆಯವರೂ ಇತರ ಸಭೆಗಳವರೂ ಇದ್ದಾರೆ. ಹೀಗೆ ಹಲವು ಮನೆಗಳಿದ್ದೂ, ಕನ್ನಡದಲ್ಲಿ ಗೃಹಸ್ಥರಿಗಾಗಿ ನಿರಂತರವಾಗಿ ನಡೆಯುವ ಆಧ್ಯಾತ್ಮಿಕ ತರಬೇತಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಾಗಿಲಿಗೆ ಬರಬೇಕಾಗಿದೆ. ಮಳವಳ್ಳಿಗೆ ರೈಲೂ ಇಲ್ಲ; ಬೆಳಗಿನ ಬಸ್ಸು ಹಿಡಿದು ಮೈಸೂರಿಗೆ ಹೋಗಿ ಕಲಿತು ಬರುವುದು ಕೂಲಿ ಬಿಟ್ಟವರಿಗಷ್ಟೇ ಸಾಧ್ಯ.

ಎಲ್ಲ ಸಭೆಗಳೂ ಸೇರಿ ಮಂಡ್ಯದಲ್ಲೋ ಮದ್ದೂರಿನಲ್ಲೋ ವಾರಾಂತ್ಯದ ಒಂದು ಕನ್ನಡ ತರಗತಿ ತೆರೆಯಲಿ. ಪ್ರತಿ ಊರಿನಿಂದ ಒಬ್ಬ ಗೃಹಸ್ಥ, ಒಬ್ಬ ಗೃಹಿಣಿ ಅದರಲ್ಲಿ ಕೂರಲಿ. ಹಾಗೆಯೇ, ಈ ಸಂಚಿಕೆ ಕೈಗೆ ಬಂದವರು ತಮ್ಮ ಮನೆಯ ಟ್ರಂಕು, ಅಟ್ಟಗಳನ್ನು ಒಮ್ಮೆ ಹುಡುಕಬೇಕು. ಉಪದೇಶಿಗಳಾಗಿದ್ದ ಹಿರಿಯರ ಪ್ರಾರ್ಥನಾ ಪುಸ್ತಕ, ಕೈಬರಹದ ನೋಟು, ಹಳೆಯ ಫೋಟೊ ಏನೇ ಸಿಕ್ಕಿದರೂ ಹೆಸರು, ಊರು, ಇಸವಿ ಬರೆದು ತಮ್ಮ ಧರ್ಮಕೇಂದ್ರಕ್ಕೋ ಸಭೆಗೋ ತಲುಪಿಸಬೇಕೆಂದು ವಿನಂತಿ.