ಬಾಸೆಲ್ ಮಿಷನ್ನಿನ ತುಳುನಾಡ ಸಭೆಗಳೂ ಸ್ಥಳೀಯ ಸಂಸ್ಕೃತಿಯೂ

ಹೊಸ ಮತವೊಂದು ಒಂದು ನಾಡಿಗೆ ಬಂದಾಗ ಅಲ್ಲಿನ ಜನಜೀವನದಲ್ಲಿ ಯಾವುದು ಮತಾಚಾರ, ಯಾವುದು ಬರಿಯ ವಾಡಿಕೆ ಎಂಬುದನ್ನು ನಿರ್ಧರಿಸದೆ ಅದು ಮುಂದುವರಿಯಲಾರದು. 1834ರಲ್ಲಿ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಷನ್ನಿನ ಪಾದ್ರಿಗಳೂ ಅವರ ಅನುಯಾಯಿಗಳೂ ಈ ಗೆರೆಯನ್ನು ಎಲ್ಲಿ ಎಳೆದರೆಂಬುದು ಇಲ್ಲಿ ವಿಚಾರಣೀಯ.

ಭಾಷೆಯ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. 1841ರಲ್ಲಿ ಅಚ್ಚುಕೂಟ ನೆಲೆಗೊಂಡಿತು. 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. 1847ರಲ್ಲಿ ತುಳು ಹೊಸ ಒಡಂಬಡಿಕೆ ಅಚ್ಚಾಯಿತು.

ತೊಡಕಿದ್ದುದು ಬದುಕಿನಲ್ಲಿ. ತುಳು ಸಭೆಗಳನ್ನು ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅವರಲ್ಲಿ ಅನೇಕರ ಕುಲಕಸುಬಾದ ಕಳ್ಳಿಳಿಸುವಿಕೆಯನ್ನು ಮಿಷನ್ ಒಪ್ಪಲಿಲ್ಲ. ಭೂತಾರಾಧನೆಯನ್ನಂತೂ ಪೂರ್ಣವಾಗಿ ನಿಷೇಧಿಸಿತು. ಆದರೆ ಭೂತದ ನೇಮವೆಂದರೆ ಕೇವಲ ಪೂಜೆಯಲ್ಲ. ಧಣಿ–ಒಕ್ಕಲುಗಳ ಸಂಬಂಧ, ಊರಿನ ನ್ಯಾಯ, ಮನೆತನದ ಮರ್ಯಾದೆ ಎಲ್ಲವೂ ಅದರಲ್ಲಿ ಹೆಣೆದುಕೊಂಡಿದ್ದವು. ಅದರಿಂದ ಹಿಂದೆಗೆದವನು ಊರಿನಿಂದಲೇ ಹಿಂದೆಗೆದಂತೆ. ಮತಾಂತರದಿಂದ ಆಸ್ತಿಯ ಹಕ್ಕು ನಷ್ಟವಾಗದೆಂದು 1850ರ ಕಾಯಿದೆ ವಿಧಿಸಿತು, ನಿಜ. ಆದರೆ ಅಳಿಯಸಂತಾನದ ಅವಿಭಕ್ತ ಕುಟುಂಬದಿಂದ ದೂರವಾದವನಿಗೆ ಕಾಯಿದೆಯ ಮಾತೊಂದೇ ಅನ್ನವಿಕ್ಕೀತೆ?

ಆದುದರಿಂದ ಮಿಷನ್ ತಾನು ಕಳಚಿದ ಬದುಕಿನ ಸ್ಥಾನದಲ್ಲಿ ಮತ್ತೊಂದನ್ನು ಕಟ್ಟಬೇಕಾಯಿತು. ಮೊದಲು ನೇಯ್ಗೆ, ಬಳಿಕ 1865ರಲ್ಲಿ ಪ್ಲೆಬ್ಸ್ಟರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ. ಮಂಗಳೂರು ಹಂಚನ್ನು ವ್ಯಾಪಾರದ ಇತಿಹಾಸದಲ್ಲಿ ಮಾತ್ರ ನೋಡುವುದು ರೂಢಿ. ಸಭೆಯ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವುಂಟು. ದುಡಿಮೆಯ ಹೊತ್ತು, ಕೂಲಿ, ಭಾನುವಾರದ ವಿಶ್ರಾಂತಿ, ನೆರೆಹೊರೆ—ಇವೆಲ್ಲ ಕೂಡಿ ಹೊಸ ಕ್ರೈಸ್ತನಿಗೆ ಹೊಸ ಕುಲವೇ ಆದುವು. ಜತೆಗೆ ಅವನು ಧಣಿಯನ್ನು ಬಿಟ್ಟು ಮಿಷನ್ನಿನ ಆಶ್ರಿತನಾದುದೂ ಅಷ್ಟೇ ನಿಜ.

ಬೇರೊಂದು ದಾರಿ ಇರಲಿಲ್ಲವೆಂದಲ್ಲ. 1862ರ ‘ಕಥಾಮಾಲೆ’ಯಲ್ಲಿ ಕಿಟ್ಟೆಲರು ಯೇಸುವಿನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದರು. ಕನ್ನಡ ಕಿವಿ ಯಾವುದಕ್ಕೆ ಒಲಿಯುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಆದರೂ ಸಭೆಗಳಲ್ಲಿ ಮೊಳಗಿದುದು ಬಹುಮಟ್ಟಿಗೆ ಜರ್ಮನ್ ಕೀರ್ತನೆಗಳ ಅನುವಾದ, ಆ ನಾಡಿನದೇ ಧಾಟಿಯಲ್ಲಿ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಅದೇ ಧಾಟಿ ಸಭಿಕರಿಗೆ ತಾಯ್ಮನೆಯ ದನಿಯಾಗಿ ಕೇಳಿಸಿರಬೇಕು. ಪರಕೀಯವೆಂದು ಹೊರಗಿನ ನಾವು ತೀರ್ಪು ಕೊಡುವುದು ಸುಲಭ.

ಇನ್ನೊಂದು ಸಂಗತಿ. ಸಭೆ ದೂರವಿಟ್ಟ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿದವರು ಅದೇ ಮಿಷನ್ನಿನ ಮೆನ್ನರ್ ಪಾದ್ರಿಗಳು. 1886ರಲ್ಲಿ ಅವನ್ನು ಅಚ್ಚು ಹಾಕಿದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ.